ಬೀದರ್‌ನ ಬಿದ್ರಿ ಅಂಗಡಿಯಲ್ಲಿ ಮಾಡಿಸಿದ ಕತ್‌ಬರ್ಟ್ ಡಬ್ಬಿ

ಬೀದರ್‌ನಲ್ಲಿ ಬಿದ್ರಿ ಅಂಗಡಿಗಳಿಗೆ ಕೊರತೆ ಇಲ್ಲ. ಆನೆ, ಹೂಜಿ, ಕೀಚೈನು, ಕಿವಿಯೋಲೆ ಎಲ್ಲಾ ಕಡೆ ಸಿಗುತ್ತವೆ. ಆದರೆ ನಮಗೆ ಬೇಕಾದ ಒಂದು ವಸ್ತುವನ್ನು ಹೇಳಿ ಮಾಡಿಸಬೇಕು ಅಂದರೆ ಯಾರ ಹತ್ತಿರ ಹೋಗಬೇಕು ಅಂತ ತುಂಬಾ ಜನ ಕೇಳುತ್ತಿರುತ್ತಾರೆ. ನಮ್ಮ ಚರ್ಚಿನ ಸಭೆಯ ಮಹಿಳಾ ಸಂಘದಿಂದ ಈಚೆಗೆ ಒಂದು ಡಬ್ಬಿ ಮಾಡಿಸಿದೆವು. ಓಡಾಟವೆಲ್ಲ ನನ್ನದೇ ಆಗಿತ್ತು. ಕೆಲಸ ಹೇಗೆ ಬಂತು, ಎಷ್ಟಾಯಿತು, ಎಲ್ಲಿ ಬೇಜಾರಾಯಿತು, ಎಲ್ಲ ಬರೆಯುತ್ತೇನೆ.

ಅಂಗಡಿಗೆ ದೊಡ್ಡ ಬೋರ್ಡು ಇಲ್ಲ. ಚೌಬಾರಾದಿಂದ ಗವಾನ್ ಮದರಸಾ ಕಡೆ ನಡೆಯುತ್ತಾ ಹೋದರೆ ಒಂದು ಗಲ್ಲಿ ಸಿಗುತ್ತದೆ. ಒಳಗೆ ಹೋದರೆ ಸುತ್ತಿಗೆ ಸದ್ದು ಕೇಳುತ್ತದೆ. ಮುಂದೆ ಸಣ್ಣ ಶೋಕೇಸು, ಹಿಂದೆ ಕೆಲಸದ ಕೋಣೆ. ಅಪ್ಪ, ಮಗ, ಇನ್ನೊಬ್ಬ ಹುಡುಗ, ಮೂರೇ ಜನ. ಅಪ್ಪನಿಗೆ ಅರವತ್ತರ ಮೇಲೆ ವಯಸ್ಸು. ನಾನು ಚಾಚಾ ಅನ್ನುತ್ತೇನೆ.

ನಮ್ಮ ಸಭಾಪಾಲಕರು ನಿವೃತ್ತರಾಗುತ್ತಿದ್ದರು. ಅವರನ್ನು ನಾವು ಅಯ್ಯನವರು ಅನ್ನುತ್ತೇವೆ. ಔರಾದ್ ಕಡೆಯ ಹಳ್ಳಿ, ತಾಂಡಾಗಳಿಗೆಲ್ಲ ಸೈಕಲ್ ಮೇಲೆ ಹೋಗಿ ಬಂದ ಮನುಷ್ಯ. ಅವರಿಗೆ ಶಾಲು, ಹಾರ, ಗೋಡೆ ಗಡಿಯಾರ ಕೊಟ್ಟು ಕಳಿಸಲು ನಮಗೆ ಯಾರಿಗೂ ಮನಸ್ಸಿರಲಿಲ್ಲ. ಅವರ ಹತ್ತಿರ ಬೈಬಲಿನ ಯೋಹಾನನ ಸುವಾರ್ತೆಯ ಒಂದು ಸಣ್ಣ ಪುಸ್ತಕ ಇದೆ. ಜೇಬಿನಲ್ಲಿ ಇಟ್ಟು ಇಟ್ಟು ಅದರ ಮೂಲೆಗಳೆಲ್ಲ ಉದುರಿವೆ. ಅದನ್ನು ಇಡಲು ಒಂದು ಬಿದ್ರಿ ಡಬ್ಬಿ, ಅದರ ಮುಚ್ಚಳದ ಮೇಲೆ ಸಂತ ಕತ್‌ಬರ್ಟ್‌ನ ಶಿಲುಬೆ ಅಂತ ತೀರ್ಮಾನ ಮಾಡಿದೆವು. ಸಂಡೇ ಸ್ಕೂಲಿನಲ್ಲಿ ನಾವು ಮಕ್ಕಳಾಗಿದ್ದಾಗಿನಿಂದ ಅಯ್ಯನವರು ಹೇಳಿದ ಕಥೆಗಳಲ್ಲಿ ಅರ್ಧ ಕತ್‌ಬರ್ಟ್‌ನವೇ. ಏಳನೇ ಶತಮಾನದ ಇಂಗ್ಲೆಂಡಿನ ಒಬ್ಬ ಬಿಷಪ್‌ನ ಹೆಸರು ನಮ್ಮ ಓಣಿಯ ಮಕ್ಕಳಿಗೆಲ್ಲ ಗೊತ್ತಿರುವುದು ಅವರಿಂದಲೇ.

ಮೊದಲು ಬೇರೆ ಎರಡು ಅಂಗಡಿಗಳಲ್ಲಿ ಕೇಳಿದ್ದೆ. ಮೊಬೈಲಿನಲ್ಲಿ ಶಿಲುಬೆಯ ಫೋಟೊ ನೋಡಿದರು, ಸೈಜು ಕೇಳಿದರು, ರೇಟು ಹೇಳಿದರು. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಚಾಚಾ ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿ, ಕನ್ನಡಕ ತೆಗೆದು, "ಅಕ್ಕಾ, ಇದು ಯಾರ್ದು? ಅವ್ರು ಏನ್ ಮಾಡ್ಯಾರ?" ಅಂತ ಕೇಳಿದರು. ಒಬ್ಬ ಸಂತನದು ಅಂದೆ. "ನಮ್ ಕಡಿ ವಲಿ ಅಂತಾರಲ್ರೀ, ಹಂಗೇನು? ಮತ್ತ ಹೇಳ್ರಿ, ಕುಂದ್ರಿ" ಅಂದರು. ಹುಡುಗನನ್ನು ಚಹಾಕ್ಕೆ ಕಳಿಸಿದರು. ನನಗೆ ಈ ಅಂಗಡಿ ಹಿಡಿಸಿದ್ದೇ ಅಲ್ಲಿ. ಅವರು ಕೇಳಿದ್ದನ್ನೆಲ್ಲ ಡಬ್ಬಿಯಲ್ಲಿ ಹಾಕಿದ್ದಾರೆ. ಅದಕ್ಕೇ ಹೇಳಿದ ಕಥೆಯನ್ನೂ ಇಲ್ಲಿ ಬರೆಯಬೇಕಾಗಿದೆ.

ಕತ್‌ಬರ್ಟ್ ಹುಟ್ಟಿದ್ದು ಸುಮಾರು 635ರಲ್ಲಿ, ಈಗಿನ ಇಂಗ್ಲೆಂಡಿನ ಉತ್ತರ ಭಾಗ ಮತ್ತು ಸ್ಕಾಟ್ಲೆಂಡಿನ ದಕ್ಷಿಣ ಭಾಗ ಸೇರಿದ್ದ ನಾರ್ಥಂಬ್ರಿಯಾ ರಾಜ್ಯದಲ್ಲಿ. ಹುಡುಗನಾಗಿದ್ದಾಗ ಗುಡ್ಡದಲ್ಲಿ ಕುರಿ ಕಾಯುತ್ತಿದ್ದ. 651ರ ಆಗಸ್ಟ್ ಕೊನೆಯ ಒಂದು ರಾತ್ರಿ, ಜೊತೆಯವರು ಮಲಗಿದ್ದಾಗ, ಆಕಾಶದಿಂದ ಬೆಳಕು ಇಳಿದು ಒಂದು ಆತ್ಮವನ್ನು ಮೇಲಕ್ಕೆ ಒಯ್ಯುವುದನ್ನು ಕಂಡನಂತೆ. ಲಿಂಡಿಸ್‌ಫಾರ್ನ್ ಮಠದ ಬಿಷಪ್ ಐಡನ್ ಅದೇ ರಾತ್ರಿ ತೀರಿಕೊಂಡಿದ್ದ ಅಂತ ಆಮೇಲೆ ಗೊತ್ತಾಯಿತು. ಕುರಿಗಳನ್ನು ಅವುಗಳ ಒಡೆಯರಿಗೆ ಒಪ್ಪಿಸಿ ಹುಡುಗ ಮೆಲ್ರೋಸ್ ಮಠ ಸೇರಿದ. ಇದನ್ನೆಲ್ಲ ಬರೆದಿಟ್ಟವರು ಇಬ್ಬರು. ಒಬ್ಬ ಲಿಂಡಿಸ್‌ಫಾರ್ನ್‌ನ ಹೆಸರು ಹೇಳದ ಸನ್ಯಾಸಿ. ಇನ್ನೊಬ್ಬ ಬೀಡ್ ಅನ್ನುವ ಸನ್ಯಾಸಿ, ಇತಿಹಾಸಕಾರ. ಬೀಡ್‌ನ ಗದ್ಯ ಚರಿತ್ರೆ ಸುಮಾರು 721ರದ್ದು, ಕತ್‌ಬರ್ಟ್‌ನನ್ನು ಕಣ್ಣಾರೆ ಕಂಡವರನ್ನು ಕೇಳಿ ಬರೆದದ್ದು.

ಮೆಲ್ರೋಸ್‌ನಲ್ಲಿ ಅವನ ಗುರು ಬಾಯ್ಸಿಲ್. 664ರ ಹೊತ್ತಿಗೆ ಆ ನಾಡಿನಲ್ಲೆಲ್ಲ ದೊಡ್ಡ ಪಿಡುಗು ಹಬ್ಬಿತ್ತು. ಕತ್‌ಬರ್ಟ್‌ಗೂ ಬಂತು, ಬದುಕಿಕೊಂಡ. ಆಮೇಲೆ ಬಾಯ್ಸಿಲ್‌ಗೆ ಬಂತು. ನನಗೆ ಇನ್ನು ಏಳೇ ದಿನ, ಅಷ್ಟರಲ್ಲಿ ಕಲಿಯಬೇಕಾದ್ದು ಕಲಿತುಬಿಡು ಅಂದ ಗುರು. ಏಳು ದಿನದಲ್ಲಿ ಮುಗಿಯುವಂಥದ್ದು ಏನಿದೆ ಅಂತ ಶಿಷ್ಯ ಕೇಳಿದ. ಬಾಯ್ಸಿಲ್ ಯೋಹಾನನ ಸುವಾರ್ತೆ ತೆಗೆದ. ಅವನ ಪುಸ್ತಕದಲ್ಲಿ ಹಾಳೆಗಳನ್ನು ಏಳು ಕಟ್ಟುಗಳಾಗಿ ಹೊಲಿದಿದ್ದರು. ದಿನಕ್ಕೆ ಒಂದು ಕಟ್ಟು ಓದಿದರು. ಕಗ್ಗಂಟಿನ ವಾದಗಳಿಗೆ ಕೈಹಾಕದೆ ಪ್ರೀತಿಯಿಂದ ನಡೆಯುವ ನಂಬಿಕೆಯ ಮಾತಷ್ಟನ್ನೇ ನೋಡಿದರು ಅಂತ ಬೀಡ್ ಬರೆಯುತ್ತಾನೆ. ಏಳನೇ ದಿನ ಓದು ಮುಗಿಯಿತು, ಗುರು ಹೋದ.

ಅಯ್ಯನವರ ಜೇಬಿನಲ್ಲಿ ಯೋಹಾನನ ಪುಸ್ತಕ ಇರುವುದು ಈ ಕಥೆಯ ಸಲುವಾಗಿ. ಡಬ್ಬಿಯೊಳಗೆ ಏನಿಡುತ್ತೀರಿ ಅಂತ ಚಾಚಾ ಕೇಳಿದ್ದಕ್ಕೆ ಇದನ್ನೇ ಹೇಳಿದೆ. ಅವರ ಉಸ್ತಾದರು ಹಾಸಿಗೆ ಹಿಡಿದಾಗಲೂ ಹೂವಿನ ಬಳ್ಳಿಯ ತಿರುವು ಹೇಗೆ ತೆಗೆಯಬೇಕು ಅಂತ ಬೆರಳಿನಿಂದ ಗಾಳಿಯಲ್ಲಿ ತೋರಿಸುತ್ತಿದ್ದರಂತೆ. ಸ್ವಲ್ಪ ಹೊತ್ತು ಆ ಉಸ್ತಾದರ ಮಾತೇ ನಡೆಯಿತು.

ಗುರುವಿನ ನಂತರ ಕತ್‌ಬರ್ಟ್ ಆ ಮಠದಲ್ಲಿ ಅವನ ಜಾಗಕ್ಕೆ ಬಂದ. ಪಿಡುಗಿಗೆ ಹೆದರಿದ ಜನ ತಾಯತ, ಮಾಟ ಮಂತ್ರದ ಹಿಂದೆ ಬಿದ್ದಿದ್ದರು. ಇವನು ಒಮ್ಮೊಮ್ಮೆ ಕುದುರೆ ಮೇಲೆ, ಜಾಸ್ತಿ ನಡೆದುಕೊಂಡೇ, ಹಳ್ಳಿಗಳಿಗೆ ಹೋಗುತ್ತಿದ್ದ. ಬಡತನಕ್ಕೂ ದಾರಿ ಇಲ್ಲದ್ದಕ್ಕೂ ಹೆದರಿ ಬೇರೆ ಯಾರೂ ಹತ್ತದ ಗುಡ್ಡದ ಊರುಗಳಿಗೇ ಹುಡುಕಿಕೊಂಡು ಹೋಗುತ್ತಿದ್ದ. ಹೋದರೆ ಒಂದು ವಾರ, ಎರಡು ವಾರ, ಕೆಲವೊಮ್ಮೆ ತಿಂಗಳು ಅಲ್ಲೇ ಇರುತ್ತಿದ್ದ. ನಮ್ಮ ಅಯ್ಯನವರು ತಾಂಡಾಗಳಲ್ಲಿ ಉಳಿದು ಬರುತ್ತಿದ್ದುದನ್ನು ಕಂಡವರಿಗೆ ಇದು ದೂರದ ಕಥೆ ಅನ್ನಿಸುವುದಿಲ್ಲ.

ಅದೇ 664ರಲ್ಲಿ ವಿಟ್ಬಿಯಲ್ಲಿ ಸಭೆ ಸೇರಿ, ಈಸ್ಟರ್ ದಿನವನ್ನು ರೋಮಿನವರ ಲೆಕ್ಕದಂತೆ ಹಿಡಿಯಬೇಕು ಅಂತ ಆಯಿತು. ಐರಿಷ್ ಪದ್ಧತಿಯಲ್ಲಿ ಬೆಳೆದ ಸನ್ಯಾಸಿಗಳಿಗೆ ಅದು ಕಷ್ಟದ ಮಾತು. ಆಮೇಲೆ ಕತ್‌ಬರ್ಟ್‌ನನ್ನು ಲಿಂಡಿಸ್‌ಫಾರ್ನ್‌ಗೆ ಕಳಿಸಿದರು. ದಿನಕ್ಕೆ ಎರಡು ಸಲ ಸಮುದ್ರ ಏರಿ ದಾರಿ ಮುಚ್ಚಿಹೋಗುವ ದ್ವೀಪ ಅದು. ಅಲ್ಲಿ ಹಳೆಯ ರೂಢಿ ಬಿಡಲೊಲ್ಲದವರು ಇವನನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಾತು ಅತಿಯಾದರೆ ಸುಮ್ನೆ ಎದ್ದು ಸಭೆ ಮುಗಿಸಿಬಿಡುತ್ತಿದ್ದ. ಮರುದಿನ ಬಂದು, ನಿನ್ನೆ ಏನೂ ಆಗಿಲ್ಲ ಅನ್ನುವ ಹಾಗೆ, ಅದೇ ಮಾತನ್ನು ಮೊದಲಿಂದ ಹೇಳುತ್ತಿದ್ದ. ಹೀಗೆ ಮಾಡಿ ಮಾಡಿ ಅವರನ್ನು ಒಲಿಸಿಕೊಂಡ. ನಾನು ಶಾಲೆಯಲ್ಲಿ ಪಾಠ ಹೇಳುವವಳು. ಈ ತಾಳ್ಮೆಗೆ ಎಷ್ಟು ಬಲ ಬೇಕು ಅಂತ ನನಗೆ ಗೊತ್ತು.

676ರಲ್ಲಿ ಅದನ್ನೂ ಬಿಟ್ಟು ಫಾರ್ನ್ ಅನ್ನುವ ಸಣ್ಣ ನಡುಗಡ್ಡೆಗೆ ಒಬ್ಬನೇ ಹೋದ. ಕಲ್ಲು, ಹುಲ್ಲುಮಣ್ಣಿನ ಹೆಂಟೆ ಸೇರಿಸಿ ಸುತ್ತ ಗುಂಡಗೆ ಗೋಡೆ ಕಟ್ಟಿದ. ಒಳಗಡೆ ನೆಲವನ್ನು ತಗ್ಗು ಮಾಡಿ ಅಗೆದ, ನಿಂತರೆ ಆಕಾಶ ಬಿಟ್ಟು ಬೇರೇನೂ ಕಾಣಬಾರದು ಅಂತ. ಮೊದಲು ಗೋಧಿ ಬಿತ್ತಿದ, ಬರಲಿಲ್ಲ. ತಡವಾಗಿ ಬಾರ್ಲಿ ಬಿತ್ತಿದ, ಬಂತು. ಹಕ್ಕಿಗಳು ಇಳಿದವು. ನೀವು ಬಿತ್ತದ ಬೆಳೆಯನ್ನು ಯಾಕೆ ಮುಟ್ಟುತ್ತೀರಿ, ದೇವರು ಅಪ್ಪಣೆ ಕೊಟ್ಟಿದ್ದರೆ ತಿನ್ನಿ, ಇಲ್ಲದಿದ್ದರೆ ಹೋಗಿ ಅಂದನಂತೆ. ಹೋದವು. "ನಮ್ ಜೋಳದ ಹೊಲದಾಗ ಕವಣಿ ಬೀಸಿದ್ರೂ ಹೋಗಂಗಿಲ್ರಿ" ಅಂದ ಚಾಚಾನ ಮಗ. ಅಪ್ಪ ಅವನ ಕಡೆ ಕಣ್ಣು ಬಿಟ್ಟು, ಮುಂದೆ ಹೇಳಿ ಅಂದರು.

ಎರಡು ದೊಡ್ಡ ಕಾಡುಕಾಗೆಗಳು ಬಂದವರ ಕೋಣೆಯ ಚಾವಣಿಯಿಂದ ಹುಲ್ಲು ಕೀಳುತ್ತಿದ್ದವು. ಅವನ್ನೂ ಗದರಿ ಓಡಿಸಿದ. ಮೂರು ದಿನ ಬಿಟ್ಟು ಒಂದು ಕಾಗೆ ಬಂದು, ರೆಕ್ಕೆ ಹರಡಿ, ತಲೆ ತಗ್ಗಿಸಿ ನಿಂತಿತು. ಕ್ಷಮಿಸಿದ. ಆಮೇಲೆ ಜೋಡಿಯಾಗಿ ಬಂದು ಒಂದು ಹಂದಿ ಕೊಬ್ಬಿನ ತುಂಡು ತಂದುಕೊಟ್ಟವು. ಅದನ್ನು ಅವನು ಇಟ್ಟುಕೊಂಡು, ಬಂದವರಿಗೆ ಬೂಟಿಗೆ ಸವರಿಕೊಳ್ಳಲು ಕೊಡುತ್ತಿದ್ದ. ಇನ್ನೊಂದು ಕಥೆಯಲ್ಲಿ ಕೋಲ್ಡಿಂಗ್‌ಹ್ಯಾಮ್ ಕಡಲಲ್ಲಿ ಕುತ್ತಿಗೆ ಮಟ್ಟ ನೀರಲ್ಲಿ ನಿಂತು ರಾತ್ರಿಯೆಲ್ಲ ಪ್ರಾರ್ಥನೆ ಮಾಡುತ್ತಾನೆ. ಬೆಳಗ್ಗೆ ಹೊರಗೆ ಬಂದಾಗ ಎರಡು ನೀರುನಾಯಿಗಳು ಬಂದು ಅವನ ಪಾದಕ್ಕೆ ಉಸಿರು ಬಿಟ್ಟು, ಮೈಯ ತುಪ್ಪಳದಿಂದ ಒರೆಸುತ್ತವೆ. ಫಾರ್ನ್‌ನಲ್ಲಿ ಗೂಡು ಕಟ್ಟುವ ಐಡರ್ ಬಾತುಗಳನ್ನು ಆ ಕಡೆಯವರು ಈಗಲೂ ಕತ್‌ಬರ್ಟ್‌ನ ಮುದ್ದು ಹೆಸರು "ಕಡ್ಡಿ" (Cuddy) ಹಿಡಿದು "ಕಡ್ಡಿಯ ಬಾತು" ಅಂತಲೇ ಕರೆಯುತ್ತಾರೆ.

ಇಂಥವನನ್ನು 684ರಲ್ಲಿ ಬಿಷಪ್ ಆಗು ಅಂದರು. ಕಾಗದ ಹೋಯಿತು, ಜನ ಹೋದರು, ಇವನು ಕದಲಲಿಲ್ಲ. ಕೊನೆಗೆ ರಾಜ ಎಗ್‌ಫ್ರಿತ್‌ನೇ ದೋಣಿ ಹತ್ತಿ ನಡುಗಡ್ಡೆಗೆ ಬಂದು ಎಲ್ಲರೂ ಮಂಡಿಯೂರಿದ ಮೇಲೆ ಅಳುತ್ತಾ ಒಪ್ಪಿದ. 685ರ ಮಾರ್ಚ್ 26, ಈಸ್ಟರ್ ದಿನ, ಯಾರ್ಕ್‌ನಲ್ಲಿ ದೀಕ್ಷೆಯಾಯಿತು. ಎರಡು ತಿಂಗಳೂ ಆಗಿರಲಿಲ್ಲ, ಮೇ 20ರಂದು ಅದೇ ರಾಜ ಉತ್ತರದ ಪಿಕ್ಟ್ ಜನರ ಮೇಲೆ ಯುದ್ಧಕ್ಕೆ ಹೋಗಿ ಸತ್ತ. ಹೋಗಬೇಡ ಅಂತ ಕತ್‌ಬರ್ಟ್ ತಡೆದಿದ್ದ. ಬಿಷಪ್ ಆಗಿ ಎರಡು ವರ್ಷವೂ ಇರಲಿಲ್ಲ. ಆದರೆ ಬಟ್ಟೆ ಬದಲಾಗಲಿಲ್ಲ, ನಡಿಗೆ ಬದಲಾಗಲಿಲ್ಲ, ಮತ್ತೆ ಹಳ್ಳಿ, ಮತ್ತೆ ಕಾಯಿಲೆಯವರ ಮನೆ. 686ರ ಕ್ರಿಸ್‌ಮಸ್ ಮುಗಿಸಿ, ಸಾವು ಹತ್ತಿರ ಬಂತು ಅಂತ ತಿಳಿದು ಫಾರ್ನ್‌ಗೆ ವಾಪಸಾದ.

ಕೊನೆಯ ಕಾಯಿಲೆಯಲ್ಲಿ ಐದು ದಿನ ಬಿರುಗಾಳಿ. ದೋಣಿ ಹೋಗುವಂತಿರಲಿಲ್ಲ. ಗಾಳಿ ನಿಂತ ಮೇಲೆ ಹೆರೆಫ್ರಿತ್ ಅನ್ನುವವನು ಹೋಗಿ ನೋಡಿದರೆ, ಕಾಲು ಹುಣ್ಣಾಗಿ ಬಾತಿತ್ತು, ಮುಖ ಬಾಡಿತ್ತು. ಊಟ ಏನು ಮಾಡಿದಿರಿ ಅಂತ ಕೇಳಿದ. ಕತ್‌ಬರ್ಟ್ ಕುಳಿತಿದ್ದ ಹಾಸಿನ ಬಟ್ಟೆ ಸರಿಸಿ ಐದು ಉಳ್ಳಾಗಡ್ಡಿ ತೋರಿಸಿದ. ಬಾಯಿ ಒಣಗಿದಾಗ ಇದನ್ನೇ ಕಚ್ಚಿದೆ ಅಂದ. ಅದರಲ್ಲಿ ಒಂದನ್ನು ಮಾತ್ರ ಸ್ವಲ್ಪ ಕಚ್ಚಿದ್ದ, ಅರ್ಧವೂ ಖಾಲಿಯಾಗಿರಲಿಲ್ಲ. 687ರ ಮಾರ್ಚ್ 20ರಂದು ತೀರಿಕೊಂಡ. ಒಬ್ಬ ಸನ್ಯಾಸಿ ಎರಡು ದೀಪ ಹಿಡಿದು ಎತ್ತರಕ್ಕೆ ಹೋಗಿ ಲಿಂಡಿಸ್‌ಫಾರ್ನ್‌ನವರಿಗೆ ಸನ್ನೆ ಮಾಡಿದ.

ಉಳ್ಳಾಗಡ್ಡಿ ಮಾತು ಬಂದಾಗ ಚಾಚಾ ಕೈಯಲ್ಲಿದ್ದ ಚಹಾದ ಕಪ್ಪು ಕೆಳಗಿಟ್ಟರು. "ಐದು?" ಅಂದರು. "ಒಂದು ಕಡಿದದ್ದು?" ಅಂತ ಮತ್ತೆ ಕೇಳಿದರು. ಅಲ್ಲೇ ಬಿದ್ದಿದ್ದ ರಟ್ಟಿನ ಮೇಲೆ ಪೆನ್ಸಿಲಿನಿಂದ ಐದು ಗಡ್ಡೆ ಬರೆದರು. ನಾಲ್ಕು ಇಡೀ, ಐದನೆಯದರ ಮಗ್ಗುಲಲ್ಲಿ ಸಣ್ಣ ಕಚ್ಚು. ಇದನ್ನು ಡಬ್ಬಿಯ ಮುಂಭಾಗದ ಬದಿಯಲ್ಲಿ ಹಾಕುತ್ತೇನೆ, ಇದಕ್ಕೆ ಬೇರೆ ದುಡ್ಡು ಬೇಡ ಅಂದರು. ನಾವು ಯಾರೂ ಯೋಚಿಸಿರದ ವಿಷಯ ಅದು.

ಶಿಲುಬೆಯ ಕಥೆ ಇನ್ನೊಂದು. ಹನ್ನೊಂದು ವರ್ಷ ಬಿಟ್ಟು, 698ರಲ್ಲಿ, ಸಮಾಧಿ ತೆಗೆದಾಗ ದೇಹ ಕೆಟ್ಟಿರಲಿಲ್ಲ ಅಂತ ಬರೆದಿದ್ದಾರೆ. ಕೆತ್ತಿದ ಓಕ್ ಮರದ ಪೆಟ್ಟಿಗೆಯಲ್ಲಿ ಮತ್ತೆ ಇಟ್ಟರು. 793ರಲ್ಲಿ ವೈಕಿಂಗರು ದ್ವೀಪ ಲೂಟಿ ಮಾಡಿದರು. 875ರಲ್ಲಿ ಸನ್ಯಾಸಿಗಳು ಆ ಪೆಟ್ಟಿಗೆ ಹೊತ್ತುಕೊಂಡು ಹೊರಟರು. ಆ ಪೆಟ್ಟಿಗೆ ಊರೂರು ಅಲೆದು 995ರಲ್ಲಿ ಇಂಗ್ಲೆಂಡಿನ ಡರ್ಹಂ ಊರು ಸೇರಿತು. 1104ರಲ್ಲಿ ಪೆಟ್ಟಿಗೆ ತೆಗೆದಾಗ ಒಳಗೆ ಯೋಹಾನನ ಸುವಾರ್ತೆಯ ಒಂದು ಸಣ್ಣ ಪುಸ್ತಕ ಸಿಕ್ಕಿತು, ಕೆಂಪು ಆಡಿನ ಚರ್ಮದ ಹೊದಿಕೆಯದ್ದು. ಸುಮಾರು 13.8 ಸೆಂಟಿಮೀಟರ್ ಉದ್ದ, 9.2 ಅಗಲ. ಯೂರೋಪಿನಲ್ಲಿ ಮೊದಲಿನ ಕಟ್ಟಿನ ಸಮೇತ ಇಡಿಯಾಗಿ ಉಳಿದ ಅತ್ಯಂತ ಹಳೆಯ ಪುಸ್ತಕ ಅದೇ. 2012ರಲ್ಲಿ ಬ್ರಿಟಿಷ್ ಲೈಬ್ರರಿ 90 ಲಕ್ಷ ಪೌಂಡ್ ಕೊಟ್ಟು ಕೊಂಡುಕೊಂಡಿತು. ಅಯ್ಯನವರ ಪುಸ್ತಕವೂ ಹೆಚ್ಚು ಕಡಿಮೆ ಅದೇ ಅಳತೆ. ಶಿಲುಬೆ ಸಿಕ್ಕಿದ್ದು 1827ರಲ್ಲಿ, ಬಟ್ಟೆಗಳ ಮಡಿಕೆಯೊಳಗೆ. ಚಿನ್ನದ್ದು, ಸುಮಾರು 6 ಸೆಂಟಿಮೀಟರ್ ಅಗಲ. ನಾಲ್ಕೂ ತೋಳು ಸಮ, ತುದಿಯಲ್ಲಿ ಅಗಲ. ಚಿನ್ನದ ಸಣ್ಣ ಸಣ್ಣ ಮನೆಗಳಲ್ಲಿ ಕೆಂಪು ಗಾರ್ನೆಟ್ ಕಲ್ಲು ಕೂರಿಸಿದ್ದಾರೆ. ಒಂದು ತೋಳು ಮುರಿದು, ಆ ಕಾಲದಲ್ಲೇ ರಿಪೇರಿ ಮಾಡಿಸಿದ ಗುರುತಿದೆ. ಮುರಿದದ್ದನ್ನು ಜೋಡಿಸಿ ಹಾಕಿಕೊಂಡ ಬಿಷಪ್! ಈಗ ಡರ್ಹಂ ಕೆಥೆಡ್ರಲ್‌ನಲ್ಲಿದೆ.

ಬಿದ್ರಿಯಲ್ಲಿ ಕೆಂಪು ಕಲ್ಲು ಎಲ್ಲಿಂದ ತರುವುದು? ಚಾಚಾ ಅದಕ್ಕೆ ಕೊಟ್ಟ ಉತ್ತರ ಚೆನ್ನಾಗಿತ್ತು. ಚಿನ್ನದ ಗೋಡೆಗಳ ಜಾಗದಲ್ಲಿ ಬೆಳ್ಳಿ ತಂತಿ, ಕಲ್ಲಿನ ಜಾಗ ಕಪ್ಪು. ತಾರ್‌ಕಶಿ ಅಂದರೆ ತಂತಿ ಕೂರಿಸುವ ಕೆಲಸ. ಬಿದ್ರಿಯ ಲೋಹ ಹೆಚ್ಚಿನ ಪಾಲು ಸತು, ಅದಕ್ಕೆ ಸ್ವಲ್ಪ ತಾಮ್ರ. ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ, ಮೇಲೆ ಮೈಲುತುತ್ತದ ನೀರು ಸವರುತ್ತಾರೆ. ಆಗ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗಿ, ಕೊರೆಯುವ ಗೆರೆ ಬೆಳ್ಳಗೆ ಕಾಣುತ್ತದೆ. ಇನ್ನೊಂದು ದಿನ ನಾನು ಹೋದಾಗ ಅದೇ ನಡೆಯುತ್ತಿತ್ತು. ಸ್ಕೇಲಿಲ್ಲ, ಕಾರ್ಬನ್ ಪೇಪರಿಲ್ಲ. ಬರೀ ಚೂಪಾದ ಕಲಮಿನಿಂದ ನಾಲ್ಕು ತೋಳು ತೆಗೆದರು. ಆಮೇಲೆ ಮಗ ಸಣ್ಣ ಉಳಿ ಹಿಡಿದು ಗೆರೆಯಗುಂಟ ಕಾಲುವೆ ಕೊರೆಯುತ್ತಾ ಹೋದ. ಅದರೊಳಗೆ ಬೆಳ್ಳಿ ತಂತಿಯನ್ನು ಉಗುರಿನಿಂದ ಒತ್ತಿ, ಮೆಲ್ಲಗೆ ಸುತ್ತಿಗೆ ಏಟು. ತಂತಿ ಅಗಲವಾಗಿ ಕಾಲುವೆಯ ಎರಡೂ ದಡ ಹಿಡಿದುಕೊಳ್ಳುತ್ತದೆ. ಅಂಟು ಗಿಂಟು ಏನೂ ಇಲ್ಲ.

ಕೊನೆಗೆ ಕಪ್ಪು ಬರಿಸುವುದು. ಕೋಟೆಯೊಳಗೆ ಬಿಸಿಲು ಮಳೆ ಬೀಳದ ಜಾಗದ ಹಳೆಯ ಮಣ್ಣು ತರುತ್ತಾರೆ. ಚಾಚಾ ಚಿಟಿಕೆ ತೆಗೆದು ನಾಲಿಗೆಗೆ ಹಚ್ಚಿ ನೋಡಿ ಇದು ನಡೆಯುತ್ತದೆ ಅಂದರು. ಮಣ್ಣಿಗೆ ನವಸಾಗರ ಸೇರಿಸಿ ನೀರಲ್ಲಿ ಕುದಿಸಿ, ಬಿಸಿ ಮಾಡಿದ ಡಬ್ಬಿಗೆ ಹಚ್ಚುತ್ತಾರೆ. ನೋಡುತ್ತಿದ್ದ ಹಾಗೆಯೇ ಲೋಹ ಕಾಡಿಗೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಬೀದರ್‌ನಲ್ಲೇ ಹುಟ್ಟಿ ಬೆಳೆದರೂ ಇಷ್ಟು ಹತ್ತಿರದಿಂದ ನಾನು ನೋಡಿರಲಿಲ್ಲ. ಬಿದ್ರಿಗೆ 2006ರಲ್ಲಿ ಜಿಐ, ಅಂದರೆ ಇದು ಈ ಊರಿನದ್ದೇ ಅನ್ನುವ ಭೌಗೋಳಿಕ ಗುರುತು ಬಂದಾಗ ಹೆಮ್ಮೆ ಪಟ್ಟಿದ್ದೆವು. ಆ ಹೆಮ್ಮೆಗೆ ಕಾರಣ ಏನು ಅಂತ ಆ ಕೋಣೆಯಲ್ಲಿ ನಿಂತರೆ ತಿಳಿಯುತ್ತದೆ.

ಕೆಲಸ ಹೇಗೆ ಬಂತು? ಶಿಲುಬೆಗೆ ಪೂರ್ತಿ ಅಂಕ ಕೊಡುತ್ತೇನೆ. ಕಣ್ಣು ಮುಚ್ಚಿ ಉಗುರು ಎಳೆದರೆ ತಂತಿ ಎಲ್ಲಿ ಶುರು, ಲೋಹ ಎಲ್ಲಿ ಶುರು ಗೊತ್ತಾಗುವುದಿಲ್ಲ. ಒಂದು ತೋಳಿನ ಬುಡದಲ್ಲಿ ಕೂದಲೆಳೆಯಷ್ಟು ಅಡ್ಡ ಗೆರೆ ಇದೆ, ಮುರಿದು ಜೋಡಿಸಿದ ಜಾಗ. ಅದನ್ನು ಹಾಕಲೇ ಬೇಡವೇ ಅಂತ ಕೇಳಿಯೇ ಹಾಕಿದರು. ಉಳ್ಳಾಗಡ್ಡಿಗಳು ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡವು. ಸಿಪ್ಪೆಯ ಗೆರೆ, ಬುಡದ ಬೇರು ಸಮೇತ ಇವೆ. ಐದನೆಯದರಲ್ಲಿ ಕಚ್ಚಿದ ಕಡೆ ಒಳಗಿನ ಪದರ ಕಾಣುವ ಹಾಗೆ ಎರಡು ತಂತಿ ಒಳಗೆ ತಿರುಗಿಸಿದ್ದಾರೆ.

ಹಿಡಿಸದ್ದೂ ಇದೆ. ಹೇಳಿದ ದಿನಕ್ಕೆ ಕೊಡಲಿಲ್ಲ, ಎರಡು ವಾರದ ಮೇಲೆ ತಡವಾಯಿತು. ಫೋನ್ ಮಾಡಿದರೆ "ಆಗ್ತದ್ರಿ ಅಕ್ಕಾ" ಒಂದೇ ಉತ್ತರ. ಕಾರ್ಯಕ್ರಮದ ಹಿಂದಿನ ಸಂಜೆ ಕೈಗೆ ಬಂತು. ಅಲ್ಲಿಯವರೆಗೆ ನಮ್ಮ ಸಂಘದವರಿಗೆ ನಿದ್ದೆ ಇಲ್ಲ. ಮುಚ್ಚಳ ಬಿಗಿಯಾಗಿತ್ತು, ಮತ್ತೆ ಕೂತು ಉಜ್ಜಿಸಬೇಕಾಯಿತು. ತಳದಲ್ಲಿ ಬರೆಸಿದ ಕನ್ನಡ ಅಕ್ಷರಗಳು ನನಗೆ ಸಮಾಧಾನ ತರಲಿಲ್ಲ. ಒತ್ತುಗಳೆಲ್ಲ ಒಂದರ ಮೇಲೆ ಒಂದು ಕೂತಿವೆ. ಹೂವು ಬಳ್ಳಿ ತೆಗೆದ ಕೈ ಕನ್ನಡ ಒತ್ತಕ್ಷರಕ್ಕೆ ಪಳಗಿಲ್ಲ. 687 ಅನ್ನುವ ಅಂಕಿ ಮಾತ್ರ ಚೆನ್ನಾಗಿ ಬಂದಿದೆ. ಪ್ಯಾಕಿಂಗ್ ಅಂದರೆ ಹಳೆಯ ಪೇಪರು, ಅಷ್ಟೇ. ಶೋಕೇಸಿನಲ್ಲಿ ಇಟ್ಟ ರೆಡಿ ಮಾಲಿನಲ್ಲಿ ಬೆಳ್ಳಿ ತೆಳು, ವಿಶೇಷ ಏನೂ ಇಲ್ಲ. ಅದಕ್ಕಾಗಿ ಇಲ್ಲಿಯವರೆಗೆ ಬರಬೇಕಾಗಿಲ್ಲ.

ಹನ್ನೊಂದು ಸಾವಿರ ಆಯಿತು, ಬೆಳ್ಳಿ ಸೇರಿಸಿ. ಜಾಸ್ತಿ ಅನ್ನಿಸಬಹುದು. ಆದರೆ ಮೂರು ಜನರ ಇಷ್ಟು ದಿನದ ದುಡಿಮೆ ನೋಡಿದ ಮೇಲೆ ಚೌಕಾಸಿ ಮಾಡಲು ನನಗೆ ಬಾಯಿ ಬರಲಿಲ್ಲ.

ಅಯ್ಯನವರು ಡಬ್ಬಿ ತೆಗೆದುಕೊಂಡು ಮೊದಲು ಶಿಲುಬೆ ನೋಡಿದರು. ಆಮೇಲೆ ತಿರುಗಿಸಿ ಮುಂಭಾಗ ನೋಡಿದರು. "ಉಳ್ಳಾಗಡ್ಡಿ!" ಅಂತ ಮೈಕಿನಲ್ಲೇ ಅಂದುಬಿಟ್ಟರು. ಭಾಷಣ ಬರೆದುಕೊಂಡು ಬಂದಿದ್ದ ಕಾಗದ ಜೇಬಿಗೆ ಹೋಯಿತು. ಬಿರುಗಾಳಿಯ ಆ ಐದು ದಿನದ ಕಥೆಯನ್ನೇ ಹೇಳಿದರು, ನಮಗೆ ಚಿಕ್ಕಂದಿನಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ. ಮರುವಾರ ತಾವೇ ಗಲ್ಲಿ ಹುಡುಕಿಕೊಂಡು ಹೋಗಿ ಚಾಚಾನನ್ನು ಕಂಡು ಬಂದಿದ್ದಾರೆ.

ಮಾಡಿಸುವವರಿಗೆ ಇಷ್ಟು ಹೇಳುತ್ತೇನೆ. ಕೆಲಸ ಬೇಕಾದ ದಿನಕ್ಕಿಂತ ಎರಡು ತಿಂಗಳು ಮೊದಲೇ ಹೋಗಿ. ಉರುಸು, ರಂಜಾನ್ ಹತ್ತಿರ ಬಂದಾಗ ಹೋಗಬೇಡಿ. ಅಕ್ಷರ ಬರೆಸುವುದಿದ್ದರೆ ಎರಡು ಮೂರು ಪದ ಸಾಕು, ಒತ್ತಕ್ಷರ ಕಡಿಮೆ ಇರಲಿ. ಒಳಗೆ ಇಡುವ ವಸ್ತುವನ್ನೇ ಜೊತೆಗೆ ಒಯ್ಯಿರಿ, ಬಾಯಿ ಅಳತೆ ಸಾಲದು. ಬೆಳಗ್ಗೆ ಹನ್ನೊಂದರ ಮೇಲೆ ಹೋದರೆ ಚಾಚಾ ಇರುತ್ತಾರೆ, ಶುಕ್ರವಾರ ಮಧ್ಯಾಹ್ನ ಬಾಗಿಲು ಹಾಕಿರುತ್ತಾರೆ. ಮನೆಗೆ ತಂದ ಮೇಲೆ ಡಬ್ಬಿಯನ್ನು ಹುಣಸೆಹಣ್ಣು, ನಿಂಬೆ, ಪಾತ್ರೆ ಪುಡಿ ಹಾಕಿ ತಿಕ್ಕಬೇಡಿ, ಕಪ್ಪು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಹಾಕಿ ಒರೆಸಿ.